ಗಂಟಿಲ್ಲದ ಗೆಜ್ಜೆ

ನನ್ನ ಚಿಕ್ಕಮ್ಮನ ಮಗಳ ಎಡಗಾಲಿನಲ್ಲಿ ಹೆಬ್ಬೆರಳಿಗಿಂತ ಪಕ್ಕದ ಬೆರಳು ಒಂದು ಭತ್ತದ ಕಾಳಿನಷ್ಟು ಉದ್ದವಾಗಿತ್ತು. ಅಂಥ ಬೆರಳಿನವಳು ಗಂಡನನ್ನು ಆಳುತ್ತಾಳೆಂದು ನಮ್ಮೂರಿನ ಹೆಂಗಸರು ಹೇಳುತ್ತಿದ್ದರು. ಅವಳು ಗಂಡನನ್ನೇ ಕಟ್ಟಿಕೊಳ್ಳಲಿಲ್ಲ. ಆಳಿದ್ದು ಟೆಂಟು ಸಿನಿಮಾದಲ್ಲಿ ಕೂತ ಸಾವಿರಾರು ಗಂಡಸರನ್ನು. ಚಿಕ್ಕವಳಿದ್ದಾಗ ನಾನು ದಾರ ಹಿಡಿದು ನನ್ನ ಕಾಲಬೆರಳುಗಳನ್ನೂ ಅಳೆದಿದ್ದೆ. ನನ್ನದು ಗಿಡ್ಡ. ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಆ ಬೆರಳಿನಿಂದಲೇ. ಇದನ್ನು ಮುಚ್ಚಿಡುವ ವಯಸ್ಸು ದಾಟಿದೆ, ಹೇಳಿಬಿಡುತ್ತೇನೆ.

ಮಳವಳ್ಳಿಯಲ್ಲಿ ನಮ್ಮದು ಹೆಂಗಸರೇ ತುಂಬಿದ ಮನೆ. ಅಜ್ಜಿ ಪ್ರಾಯದಲ್ಲಿ ಗುಡಿಯಲ್ಲಿ ಕುಣಿತದ ಸೇವೆ ಮಾಡಿದವಳು. ನಾವು ಹುಟ್ಟುವ ಮೊದಲೇ ಸರ್ಕಾರದ ಅಪ್ಪಣೆಯಾಗಿ ಆ ಸೇವೆ ನಿಂತಿತ್ತು. ಗೆಜ್ಜೆ ಮಾತ್ರ ಮನೆಯಲ್ಲಿ ಉಳಿದಿತ್ತು. ಸಗಣಿ ಸಾರಿಸಿದ ನಡುಮನೆಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ, ಮಣೆಯ ಮೇಲೆ ಕೋಲು ಕುಟ್ಟುತ್ತ ಅಜ್ಜಿ ಹೆಜ್ಜೆ ಹೇಳಿಕೊಟ್ಟಳು. ನಾನು ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ನನ್ನ ಹೆಜ್ಜೆ ತಾಳ ತಪ್ಪುತ್ತಿರಲಿಲ್ಲ. ಅವಳದು ಒಮ್ಮೊಮ್ಮೆ ಕೋಲಿಗಿಂತ ಮುಂದೆ ಓಡುತ್ತಿತ್ತು. ಆಗ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ತಪ್ಪಿದವಳು ನಗುತ್ತಿದ್ದಳು, ತಪ್ಪದ ನಾನು ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಿದ್ದೆ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕುಣಿಯುವವಳು ತನ್ನ ಗೆಜ್ಜೆಯನ್ನು ತಾನು ಪೋಣಿಸಬಾರದು, ಪೋಣಿಸುವವಳು ಕುಣಿಯಬಾರದು. ಒಂದು ತಲೆಮಾರಿಗೆ ಒಬ್ಬಳು ಅದಕ್ಕೆ, ಒಬ್ಬಳು ಇದಕ್ಕೆ. ಪೋಣಿಸುವುದೂ ಸುಲಭದ ಕೆಲಸವಲ್ಲ. ಕಂಚಿನ ಗೆಜ್ಜೆಯನ್ನು ಹತ್ತಿಯ ಹುರಿಗೆ ಏರಿಸಿ, ಒಂದೊಂದರ ಪಕ್ಕದಲ್ಲೂ ಒಂದು ಗಂಟು ಬಿಗಿಯಬೇಕು. ಹುರಿ ಎಲ್ಲಾದರೂ ಕಡಿದರೆ ಒಂದೋ ಎರಡೋ ಉದುರುತ್ತವೆ, ಉಳಿದವನ್ನು ಗಂಟು ಹಿಡಿದುಕೊಳ್ಳುತ್ತದೆ. ನನ್ನ ತಂಗಿಗೋ ತನ್ನ ಲಂಗದ ಲಾಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಅದನ್ನೂ ನಾನೇ ಕಟ್ಟಬೇಕಿತ್ತು.

ನನಗೆ ಹದಿನಾಲ್ಕು ತುಂಬಿದ ಮೇಲೆ ಅಜ್ಜಿ ಒಂದು ಶುಕ್ರವಾರ ದೀಪ ಹಚ್ಚಿ, ಹೊಸದಾಗಿ ತರಿಸಿದ ಗೆಜ್ಜೆಯನ್ನು ಅವಳ ಮಡಿಲಿಗೂ ಹುರಿಯ ಉಂಡೆಯನ್ನು ನನ್ನ ಮಡಿಲಿಗೂ ಹಾಕಿದಳು. ಯಾಕೆ ಹೀಗೆ, ನನ್ನ ಹೆಜ್ಜೆಯಲ್ಲಿ ಏನು ಕಮ್ಮಿ ಎಂದು ಕೇಳಿದೆ.

"ನಿನ್ ಹೆಜ್ಜೇಲಿ ಏನೂ ಕಮ್ಮಿ ಇಲ್ಲ ಕಣವ್ವ. ಅವಳ ಕೈಲಿ ಗಂಟು ನಿಲ್ಲಾಕಿಲ್ಲ, ನಿನ್ ಕೈಲಿ ನಿಲ್ತದೆ," ಅಂದಳು ಅಜ್ಜಿ.

ಮಾತು ಅಷ್ಟಕ್ಕೇ ಮುಗಿಯಿತು. ಕೈ ಬಾರದವಳಿಗೆ ಕುಣಿತ, ಕೈ ಬಂದವಳಿಗೆ ಹುರಿ. ದುಡಿಯುವ ಎತ್ತಿಗೇ ಎರಡು ಬಾರಿ ನೊಗ ಅಂತಾರಲ್ಲ, ಹಾಗಾಯಿತು ನನ್ನ ಬಾಳು.

ಅವಳ ಒಂದೆರಡು ಅಭ್ಯಾಸ ಹೇಳಬೇಕು. ಕುಣಿಯುವ ಮುಂಚೆ ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಾಲು ಚಾಚಿ ಕೂತರೆ ನಾನು ಗೆಜ್ಜೆ ಸುತ್ತಿ ಕಟ್ಟಬೇಕು. ಆಗ ಕಣ್ಣು ಮುಚ್ಚಿಕೊಂಡು, "ನೆಲ ಎಲ್ಲಾ ಕಡೆ ಒಂದೇ ಕಣಕ್ಕ," ಎನ್ನುತ್ತಿದ್ದಳು. ತನಗೆ ತಾನೇ ಹೇಳಿಕೊಳ್ಳುವ ಧೈರ್ಯ ಅದು. ನನಗೆ ಅದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ನೆಲ ಒಂದೇ ಆಗಿದ್ದರೆ ನಾನು ಯಾಕೆ ಕೆಳಗೆ ಕೂತು ನಿನ್ನ ಕಾಲು ಹಿಡಿಯಬೇಕು ಎಂದು ಕೇಳಬೇಕೆನಿಸುತ್ತಿತ್ತು.

ಅವಳಿಗೆ ಹದಿನೆಂಟಾಗಿದ್ದಾಗ ಒಂದು ನಾಟಕ ಕಂಪನಿ ಮದ್ದೂರಿನಲ್ಲಿ ತಗಡಿನ ಥಿಯೇಟರು ಹಾಕಿ ಬೀಡುಬಿಟ್ಟಿತು. ಅದರ ಹಾರ್ಮೋನಿಯಂ ಮೇಷ್ಟರಿಗೆ ಅಜ್ಜಿಯ ಪರಿಚಯವಿತ್ತು. ಎರಡು ದೃಶ್ಯದ ನಡುವೆ ಕುಣಿಯಲು ಅವಳನ್ನು ಕರೆಸಿಕೊಂಡರು. ಅಜ್ಜಿ ಮತ್ತು ನಾನು ಜೊತೆಗೆ ಹೋದೆವು. ತಿಂಗಳು ಕಳೆಯುವುದರಲ್ಲಿ ಜನ ನಾಟಕ ಬಿಟ್ಟು ಅವಳ ಕುಣಿತಕ್ಕೇ ಬರತೊಡಗಿದರು. ಒಂದು ದಿನ ಕಂಪನಿಯ ಯಜಮಾನರು ಬಂದು, ಮದರಾಸಿನಲ್ಲಿ ಟಾಕಿ ತೆಗೆಯುವವರೊಬ್ಬರು ಭಾನುವಾರದ ಹಗಲಾಟಕ್ಕೆ ಬರುತ್ತಾರೆ, ಹುಡುಗಿ ಹಿಡಿಸಿದರೆ ಕರೆದುಕೊಂಡು ಹೋಗುತ್ತಾರೆ ಎಂದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ಕಂಡದ್ದು ಒಂದೇ: ಅವಳು ಮದರಾಸಿಗೆ, ನಾನು ಹುರಿಯ ಉಂಡೆ ಹಿಡಿದುಕೊಂಡು ಮಳವಳ್ಳಿಗೆ.

ಶನಿವಾರ ಹಳೆಯ ಹುರಿ ಬಿಚ್ಚಿ ಹೊಸದಕ್ಕೆ ಪೋಣಿಸುವ ದಿನ. ಬಲಗಾಲಿನದನ್ನು ಸರಿಯಾಗಿಯೇ ಮಾಡಿದೆ. ಎಡಗಾಲಿನ ಐವತ್ತು ಗೆಜ್ಜೆಯನ್ನು ಒಂದೂ ಗಂಟು ಹಾಕದೆ ಏರಿಸಿದೆ. ಆಮೇಲೆ ಹುರಿಯನ್ನು ಒಂದು ಕಡೆ, ಅಜ್ಜಿ ಮನೆಯಿಂದ ತಂದಿದ್ದ ಈಳಿಗೆಮಣೆಯ ಅಲುಗಿಗೆ ಮೆಲ್ಲಗೆ ಉಜ್ಜಿ, ಎರಡೇ ಎಳೆ ಉಳಿಯುವ ಹಾಗೆ ಸವೆಸಿದೆ. ಕೈ ನಡುಗಲಿಲ್ಲ. ನಡುಗಿತು ಎಂದು ಬರೆದರೆ ನನಗೆ ಗೌರವ ಬರುತ್ತಿತ್ತು, ಆದರೆ ನಡುಗಲಿಲ್ಲ.

ಭಾನುವಾರ ಅವಳ ಕಾಲಿಗೆ ಸುತ್ತಿದೆ. ಹುರಿಗಡಲೆ ಅಗಿಯುತ್ತಿದ್ದವಳು ಒಂದು ಕ್ಷಣ ನಿಲ್ಲಿಸಿದಳು. ಅವತ್ತು ಕಣ್ಣು ಮುಚ್ಚಲಿಲ್ಲ. ನನ್ನ ಮುಖ ನೋಡಿಕೊಂಡೇ, "ನೆಲ ಎಲ್ಲಾ ಕಡೆ ಒಂದೇ ಕಣಕ್ಕ," ಎಂದು ಎದ್ದು ಹೋದಳು.

ಮೂರನೆಯ ಸುತ್ತಿನಲ್ಲಿ ಹುರಿ ಕಡಿಯಿತು. ಐವತ್ತೂ ಗೆಜ್ಜೆ ಹಲಗೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಉರುಳಿದವು. ಹಾರ್ಮೋನಿಯಂ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪರದೆಯ ಮರೆಯಲ್ಲಿ ನಿಂತ ನನಗೆ, ಸುಳ್ಳು ಹೇಳಲಾರೆ, ಹೊಟ್ಟೆ ತಣ್ಣಗಾಯಿತು.

ಅವಳು ನಿಂತ ಜಾಗದಲ್ಲೇ ಒಂದು ಉಸಿರು ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡಿಲು ಮಾಡಿಕೊಂಡು, ಬಗ್ಗಿ ಒಂದು ಗೆಜ್ಜೆ ಆಯ್ದಳು. ಕೊಯ್ಲು ಮುಗಿದ ಗದ್ದೆಯಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಹಕ್ಕಲು ಆಯುತ್ತಾರಲ್ಲ, ಬಿದ್ದ ತೆನೆಯನ್ನು ಒಂದೊಂದೇ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತ, ಗದ್ದೆಯವನು ಬಂದನೇ ಎಂದು ಹಿಂದೆ ನೋಡುತ್ತ, ಥೇಟು ಹಾಗೇ ಹೆಜ್ಜೆ ಹಾಕುತ್ತ ಆಯ್ದಳು. ಎಡಗಾಲು ಮೂಕ, ಬಲಗಾಲು ಮಾತಾಡುತ್ತಿತ್ತು. ಮೇಷ್ಟರು ಮತ್ತೆ ಹಾರ್ಮೋನಿಯಂ ಹಿಡಿದರು. ಕೊನೆಯ ಗೆಜ್ಜೆ ಆಯ್ದು ಮಡಿಲನ್ನು ಕುಲುಕಿದಾಗ ಅದು ಘಲ್ಲೆಂದಿತು. ಮದ್ದೂರಿನ ಜನ ತಗಡು ಹಾರಿಹೋಗುವ ಹಾಗೆ ಚಪ್ಪಾಳೆ ಹೊಡೆದರು. ಮದರಾಸಿನವರು ಎದ್ದು ನಿಂತಿದ್ದರು.

ಅದು ಮೊದಲೇ ಕಟ್ಟಿದ ಕುಣಿತವೆಂದೇ ಎಲ್ಲರೂ ತಿಳಿದರು. ಕಡಿದ ಹುರಿಯನ್ನು ಯಾರೂ ನೋಡಲಿಲ್ಲ; ನಾನು ಅದನ್ನು ಒಲೆಗೆ ಹಾಕಿದೆ. ಹದಿನೈದು ದಿನಕ್ಕೆ ಅವಳು ಮದರಾಸಿಗೆ ಹೋದಳು. ಅವಳನ್ನು ಕೆಡವಲು ಹೋಗಿ ನಾನೇ ಏಣಿ ಹಾಕಿಕೊಟ್ಟಿದ್ದೆ.

ಆ ವರ್ಷವೇ ನನಗೆ ಮದುವೆಯಾಯಿತು. ಗಂಡ ಮಂಡ್ಯದಲ್ಲಿ ಕಬ್ಬಿನ ತೂಕದ ಗುಮಾಸ್ತರು. ನಾನು ಸಂಸಾರ ಹೂಡಿದ ಮೂರನೆಯ ತಿಂಗಳಿಗೆ ರೈಲಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಬಂತು. ಒಳಗೆ ಗೆಜ್ಜೆ, ಮೇಲೆ ಅವಳ ಸೊಟ್ಟ ಅಕ್ಷರದ ಚೀಟಿ. ಆ ಕುಣಿತವನ್ನೇ ಚಿತ್ರಕ್ಕೆ ಹಿಡಿಯುತ್ತಾರಂತೆ. ಅಲ್ಲಿಯವರು ಪೋಣಿಸಿದ್ದು ಹದವಾಗಿ ಕಡಿಯುವುದಿಲ್ಲವಂತೆ. ಕೊನೆಯಲ್ಲಿ, "ಅಕ್ಕ, ಅವತ್ತು ಮಾಡಿದ ಹಾಗೇ ಮಾಡಿ ಕಳಿಸು" ಎಂದಿತ್ತು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾನು ಬೇಕೆಂದೇ ಮಾಡಿದ್ದೆಂದು ಅವಳಿಗೆ ಗೊತ್ತೋ, ಇಲ್ಲವೋ? ಗೊತ್ತಿದ್ದರೆ ಬೈಯಬಾರದೆ? ಉತ್ತರ ಬರೆಯುವ ಧೈರ್ಯವಾಗಲಿಲ್ಲ. ಗಂಟಿಲ್ಲದೆ ಪೋಣಿಸಿ, ಈಳಿಗೆಗೆ ಉಜ್ಜಿ, ಕಳಿಸಿಕೊಟ್ಟೆ.

ಚಿತ್ರ ಮಂಡ್ಯದ ಟೆಂಟಿಗೆ ಬಂದಾಗ ಕೆರಗೋಡು, ದುದ್ದದ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ನನ್ನ ಗಂಡ ಮೂರು ಸಲ ನೋಡಿ, ಸಿಕ್ಕಸಿಕ್ಕವರಿಗೆ "ನಮ್ಮ ನಾದಿನಿ" ಎಂದು ಹೇಳಿಕೊಂಡು ತಿರುಗಿದರು. ನಾನು ಒಂದೇ ಸಲ ಹೋದೆ. ಬಿಳಿಯ ಪರದೆಯ ಮೇಲೆ ನನ್ನ ಹೊಟ್ಟೆಕಿಚ್ಚು ಐವತ್ತು ಚೂರಾಗಿ ಉರುಳುತ್ತಿತ್ತು, ಅವಳು ಅದನ್ನು ಚೆಂದವಾಗಿ ಆಯ್ದುಕೊಳ್ಳುತ್ತಿದ್ದಳು. ಸುತ್ತ ಸಿಳ್ಳೆ. ಮಾರನೆಯ ದಿನ ನಲ್ಲಿಯ ಹತ್ತಿರ ಒಬ್ಬಾಕೆ, ಆ ಟಾಕಿಯವಳು ನಿಮಗೇನಾಗಬೇಕು ಎಂದು ಕೇಳಿದಳು. ಏನೂ ಆಗಬೇಕಿಲ್ಲ ಎಂದು ಕೊಡ ಎತ್ತಿಕೊಂಡು ಬಂದೆ.

ಏಳೆಂಟು ವರ್ಷ ಅವಳ ಕಾಲ. ತಮಿಳು, ತೆಲುಗು ಎರಡರಲ್ಲೂ ಕುಣಿದಳು. ಆ ಅಕ್ಷರ ಬಾರದೆ ಮಾತನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳಂತೆ. ಕುಣಿತದವಳಾಗಿ ಹೋದವಳು ನಾಯಕಿಯಾದಳು. ಸೆಟ್ಟಿನ ಸಿಮೆಂಟು ನೆಲ ಮಂಡಿ ತಿನ್ನುತ್ತದೆ, ನಮ್ಮ ಸಗಣಿ ನೆಲವೇ ವಾಸಿ ಎಂದು ಒಮ್ಮೆ ಬರೆದಿದ್ದಳು. ಆರು ತಿಂಗಳಿಗೊಮ್ಮೆ ಬಿಸ್ಕತ್ತಿನ ಡಬ್ಬಿ ತಪ್ಪದೆ ಬರುತ್ತಿತ್ತು. ಮದರಾಸಿನಲ್ಲಿ ಪೋಣಿಸುವವರು ಇಲ್ಲವೇ, ನನ್ನನ್ನು ಆಳು ಮಾಡಿಕೊಂಡಿದ್ದಾಳೆ ಎಂದು ಗೊಣಗುತ್ತಲೇ ಒಂದೊಂದಕ್ಕೂ ಗಂಟು ಹಾಕುತ್ತಿದ್ದೆ.

ನಡುವೆ ಅಜ್ಜಿ ತೀರಿಕೊಂಡಳು. ನಮ್ಮಲ್ಲಿ ಕುಣಿದವಳು ಸತ್ತರೆ ಕಾಲಿಗೆ ಗೆಜ್ಜೆ ಕಟ್ಟಿ, ಹೆಣ ಎತ್ತುವ ಮುಂಚೆ ಹುರಿಯನ್ನು ಕೊಯ್ಯುತ್ತಾರೆ. ಉದುರಿದ್ದನ್ನು ಮನೆಯ ಹೆಂಗಸರು ಆಯ್ದು ಇಟ್ಟುಕೊಳ್ಳಬಹುದು. ಉದುರದೆ ಉಳಿದದ್ದು ಅವಳ ಜೊತೆಯಲ್ಲೇ ಹೋಗಬೇಕು. ಅಜ್ಜಿಯ ಹುರಿ ಹಳೆಯದು, ಗಂಟು ಸಡಿಲವಾಗಿತ್ತು, ಆರು ಉದುರಿದವು. ಅದರಲ್ಲೊಂದು ಈಗಲೂ ನನ್ನ ಹತ್ತಿರ ಇದೆ.

ಸ್ವಾತಂತ್ರ್ಯದ ಬಾವುಟ ಏರಿದ ವರ್ಷ ಅವಳು ಎದೆಯ ಕಾಯಿಲೆ ಹತ್ತಿಸಿಕೊಂಡು ಮಳವಳ್ಳಿಗೆ ಮರಳಿದಳು. ಅಷ್ಟರಲ್ಲಿ ಮದರಾಸಿಗೆ ಹೊಸ ಹುಡುಗಿಯರು ಬಂದಿದ್ದರು. ಸುದ್ದಿ ತಿಳಿದಾಗ, ಜವಾಬ್ದಾರಿ ಸರ್ಕಾರ ಬೇಕೆಂಬ ಚಳವಳಿಯಿಂದ ಬಸ್ಸು ನಿಂತಿತ್ತು. ಮದ್ದೂರಿನಲ್ಲಿ ರೈಲು ಇಳಿದು, ಹುಲ್ಲಿನ ಗಾಡಿ ಹತ್ತಿ ಹೋದೆ. ನಡುಮನೆಯ ಚಾಪೆಯ ಮೇಲೆ ಒಂದು ಹಿಡಿಯಾಗಿ ಮಲಗಿದ್ದಳು. ತಲೆದಿಂಬಿನ ಪಕ್ಕ ಡಬ್ಬಿ. ಪೋಣಿಸಿಕೊಡು ಎಂದಳು. ನಾನು ಹುರಿ ಹೊಸೆಯುತ್ತ ಕೂತೆ. ಹೊಸೆದು ಮುಗಿದ ಮೇಲೆ ನಾನೇ ಬಾಯಿ ಬಿಟ್ಟೆ. ಅವತ್ತು ಮದ್ದೂರಿನಲ್ಲಿ ಗಂಟು ಹಾಕದೆ ಬಿಟ್ಟಿದ್ದು ಬೇಕೆಂದೇ ಎಂದು ಹೇಳಿದೆ.

"ಗೊತ್ತು ಕಣಕ್ಕ. ನೀ ಸುತ್ತುವಾಗ್ಲೇ ಗೊತ್ತಾಯ್ತು. ಗಂಟಿಲ್ದಿರೋ ಗೆಜ್ಜೆ ಕಾಲ್ಗೆ ಬ್ಯಾರೆ ತರ ಕೂರ್ತದೆ."

"ಗೊತ್ತಿದ್ದೂ ಕುಣಿಯಾಕೆ ಹೋದ್ಯಾ? ಅಜ್ಜಿಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಅಜ್ಜಿ ನಿನ್ ಕೈಯಿಂದ ಹುರಿ ಕಿತ್ಕೊಳ್ಳೋಳು. ಆಮ್ಯಾಕೆ ನಿಂಗೇನಿರ್ತಿತ್ತು, ಬುಡು," ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ಕೆಮ್ಮಾಯಿತು.

ನಾನು ಅತ್ತೆನೆಂದು ನೀವು ತಿಳಿಯಬಹುದು. ಅಳಲಿಲ್ಲ. ಬದುಕಿನಲ್ಲೇ ಅಷ್ಟು ಹೊಟ್ಟೆಕಿಚ್ಚು ನನಗೆ ಎಂದೂ ಆಗಿರಲಿಲ್ಲ. ಕಾಲು ಅವಳದು, ಹೆಸರು ಅವಳದು; ಒಳ್ಳೆಯತನವಾದರೂ ನನ್ನ ಪಾಲಿಗೆ ಉಳಿಯಬಾರದಿತ್ತೆ? ಆ ಸಿಟ್ಟಿನಲ್ಲೇ ನೂರು ಗೆಜ್ಜೆಗೂ ಗಂಟು ಹಾಕಿದೆ, ಒಂದಕ್ಕೆ ಎರಡರಂತೆ, ಹಲ್ಲಿನಲ್ಲಿ ಕಚ್ಚಿ ಎಳೆದು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹೋದಳು. ಗೆಜ್ಜೆ ನಾನೇ ಕಟ್ಟಿದೆ. ಎಡಗಾಲಿನ ಆ ಉದ್ದ ಬೆರಳು ತಣ್ಣಗಿತ್ತು. ಪೋಣಿಸಿದವಳೇ ಕೊಯ್ಯಬೇಕೆಂದು ಹೇಳಿ, ಅದೇ ಈಳಿಗೆಯ ಅಲುಗನ್ನು ಬಿಚ್ಚಿ ತಂದು ಕೈಗಿಟ್ಟರು. ಒಂದೇ ಸಲಕ್ಕೆ ಕೊಯ್ದೆ. ಹೆಂಗಸರು ಸೆರಗೊಡ್ಡಿ ಕಾದಿದ್ದರು. ಹುರಿ ಎರಡಾಯಿತು, ಗೆಜ್ಜೆ ಒಂದೂ ಉದುರಲಿಲ್ಲ.

"ಏಟೊಂದು ಬಿಗಿ ಕಟ್ಟಿದ್ದೀಯ ತಾಯಿ," ಎಂದರು ಚಿಕ್ಕಮ್ಮ.

ಆದರೂ ನಾನು ಮಂಡಿಯೂರಿ, ಚಾಪೆಯ ಸುತ್ತ ನೆಲವನ್ನೆಲ್ಲ ಕೈಯಲ್ಲಿ ಸವರಿ ನೋಡಿದೆ. ಹಕ್ಕಲಿಗೆ ಒಂದು ಕಾಳೂ ಇರಲಿಲ್ಲ. ನೂರಕ್ಕೆ ನೂರೂ ಅವಳ ಜೊತೆಯಲ್ಲೇ ಹೋದವು.