ಕಾಕಾನ ಟ್ರಕ್ಕಿನ ಹೊಸ ದೀಪ

ಶೀಗಿ ಹುಣ್ಣಿಮೆ ಕಳೆದ ದಿನಗಳು, ಹೊತ್ತು ಮುಳುಗಿ ಆಗಷ್ಟೇ ಕತ್ತಲಾಗಿತ್ತು. ನಾನು ಅಕ್ಕಲಕೋಟ ರಸ್ತೆಯ ಬದಿ, ಬೇವಿನ ಮರದ ಕೆಳಗೆ, ಟ್ರಕ್ಕಿಗೆ ಎದುರಾಗಿ ನಿಂತಿದ್ದೆ. ಆಗೆಲ್ಲ ನಮ್ಮ ಕುರಿಗಳು ಸೊಲ್ಲಾಪುರದ ಸಂತೆಗೆ ಹೋಗುತ್ತಿದ್ದುದು ಕಾಕಾನ ಆ ಹಳೆಯ ಟ್ರಕ್ಕಿನಲ್ಲೇ. ಕ್ಯಾಬಿನ್ ತುಂಬ ಉಣ್ಣೆ, ಡೀಸೆಲ್, ರೊಟ್ಟಿಯ ಜೊತೆಗೆಂದು ಆಯಿ ಕಟ್ಟಿಕೊಂಡ ಶೇಂಗಾ ಹಿಂಡಿಯ ವಾಸನೆ. ಆಯಿ ಎಂದರೆ ನಮ್ಮ ಅಜ್ಜಿ, ಕಾಕಾ ಎಂದರೆ ಚಿಕ್ಕಪ್ಪ.

ಹಳೆಯ ಡೈನಮೋದಿಂದ ದೀಪ ಮಬ್ಬಾಗಿ ಉರಿಯುತ್ತಿತ್ತು. ಆ ವಾರ ಕಾಕಾ ಅದನ್ನು ಬಿಚ್ಚಿ ಹೆಚ್ಚು ಕರೆಂಟು ಕೊಡುವ ದೊಡ್ಡ ಆಲ್ಟರ್ನೇಟರ್ ಕೂಡಿಸಿದ. ಅಲ್ಲಿಂದ ಬ್ಯಾಟರಿಗೆ ಕರೆಂಟು ಒಯ್ಯುವ ತಂತಿ ಮಾತ್ರ ಹಳೆಯದು, ಸಣ್ಣದು. ಸ್ಟೇರಿಂಗಿನ ಮುಂದಿನ ಮೀಟರಿನ ಹಿಂದೆ ಹಾದು ಹೋಗುತ್ತಿತ್ತು. ಅದು ಸಾಲದೆಂದು ಅವನಿಗೆ ಗೊತ್ತಿತ್ತು.

"ಬಾವಿಗೆ ದೊಡ್ಡ ಮೋಟರ್ ಹಚ್ಚಿ ಪೈಪ್ ಸಣ್ಣದ ಇಟ್ರ ಏನಾಗ್ತದ?" ಎಂದು ನನ್ನನ್ನು ಕೇಳಿದ್ದ.

"ಪೈಪ್ ಒಡೀತದ."

"ವಾಯರ್ ಒಡ್ಯಾಂಗಿಲ್ಲ ಕೂಸೇ, ಸುಡ್ತದ."

ಆದರೂ ದಪ್ಪ ತಂತಿ ಹಾಕಲಿಲ್ಲ. ಗಾಡಿಗೆ ಹೊಸದೇನು ಕೂಡಿಸಿದರೂ ಮೊದಲು ಬೀರೋಬಾನ ಗುಡಿಗೆ ಒಯ್ದು ಭಂಡಾರದ ಅರಿಶಿನ ಹಚ್ಚಿಸಬೇಕು, ಅಲ್ಲಿಯವರೆಗೆ ಮತ್ತೆ ಪಾನಾ ಹಿಡಿದು ಬಿಚ್ಚಿ ಜೋಡಿಸುವಂತಿಲ್ಲ ಎಂಬುದು ಆಯಿಯ ಕಟ್ಟುನಿಟ್ಟು. ಹೋಗಿ ಬಂದು ಹಾಕಿದರಾಯಿತು ಎಂದ ಕಾಕಾ.

ಅಂದು ಆ ಗುಡಿಗೇ ಹೊರಟಿದ್ದೆವು, ಅದು ಇನ್ನೂ ದೂರವಿರುವಾಗಲೇ ಕತ್ತಲಾಯಿತು. ಹೊಸ ಬೆಳಕನ್ನು ಎದುರಿನಿಂದ ನೋಡಬೇಕೆಂದು ಕಾಕಾ ಇಂಜಿನ್ ಚಾಲೂ ಇಟ್ಟೇ ತಾನೂ ಇಳಿದು ನನ್ನನ್ನೂ ಕೆಳಗಿಳಿಸಿದ. ತಂಗಿ ಶಾಂತಾ ಆಯಿಯ ತೊಡೆಯ ಮೇಲೆ ಮಲಗಿದ್ದಳು. ಆಯಿ ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿಟ್ಟಿದ್ದಳು.

ದೀಪ ಕಣ್ಣಿಗೆ ಹೊಡೆದು ಕ್ಯಾಬಿನ್ ಕಾಣಲೇ ಇಲ್ಲ. ಏನೋ ಸುಟ್ಟ ವಾಸನೆ ಎಂದೆ.

"ನಿಮ್ಮ ಆಯಿ ಊದಿನಕಡ್ಡಿ ಹಚ್ಯಾಳ. ಒಂದ ಹಚ್ಚೂವಲ್ಲಿ ನಾಕ ಹಚ್ತಾಳ," ಎಂದು ಕಾಕಾ ನಕ್ಕ.

ಒಳಗಿದ್ದ ಆಯಿಯೂ ಅದು ಊದಿನಕಡ್ಡಿಯ ಹೊಗೆಯೆಂದೇ ತಿಳಿದಿದ್ದಳಂತೆ.

ದೀಪ ಒಮ್ಮೆಲೇ ಆರಿತು. ಆಗ ಕಂಡಿತು: ಗಾಜಿನ ಹಿಂದೆ ದಟ್ಟ ಹೊಗೆ, ಮೀಟರಿನ ಜಾಗದಲ್ಲಿ ಕೆಂಪು ಉರಿ. ಸ್ಟೇರಿಂಗಿನ ಬದಿಯಿಂದ ಇಳಿಯಲು ಆ ಉರಿ ಅಡ್ಡ. ಆಯಿಯ ಬದಿಯ ಬಾಗಿಲಿನ ಚಿಲಕ ಕೆಟ್ಟು, ಕಾಕಾ ಅದನ್ನು ಹೊರಗಿನಿಂದ ಹಗ್ಗ ಹಾಕಿ ಬಿಗಿದಿದ್ದ. ಅವನು ಓಡಿ ಹೊರಗಿನಿಂದಲೇ ಕೈ ಹಾಕಿ ಇಂಜಿನ್ ಬಂದ್ ಮಾಡಿದ. ಹೊಗೆ ನಿಲ್ಲಲಿಲ್ಲ. ಸುಟ್ಟು ಬತ್ತಲೆಯಾದ ತಂತಿ ತಗಡಿಗೆ ತಾಗಿತ್ತು. ಬ್ಯಾಟರಿಯೇ ಅದನ್ನು ಸುಡುತ್ತಿತ್ತು. ಕಾಕಾ ಬ್ಯಾಟರಿಯ ಕಡೆ ಓಡಿದ.

ಒಳಗೆ ಶಾಂತಾ ಅಳುತ್ತಿದ್ದಳು. ಅಳು ಕೆಮ್ಮಾಯಿತು. ಆಮೇಲೆ ಅದೂ ಕೇಳಲಿಲ್ಲ.

ನಾನು ಆಯಿಯ ಬದಿಯ ಕಿಟಕಿಯ ಕೆಳಗೆ ಹೋಗಿ ಕೈ ಚಾಚಿದೆ. ಮೊದಲು ಎರಡು ಸಣ್ಣ ಕಾಲು ಹೊರಬಂದವು.

"ಹಿಡಕೊಂಡ್ಯೇನ? ಬಿಡ್ಲಿ?" ಎಂದಳು ಆಯಿ. ದನಿ ಏರಿಸಲಿಲ್ಲ.

"ಹಿಡದೀನಿ."

ಶಾಂತಾ ನನ್ನ ಮೈಮೇಲೆ ಬಿದ್ದಳು. ಒಂದು ಗಳಿಗೆ ಉಸಿರಾಡಲಿಲ್ಲ, ಆಮೇಲೆ ಕಿರುಚಿದಳು. ಕಾಕಾ ಬ್ಯಾಟರಿಯ ತಂತಿ ಬರಿಗೈಯಲ್ಲಿ ಕಿತ್ತು, ಹಗ್ಗ ಕೊಯ್ದು ಆಯಿಯನ್ನು ಇಳಿಸಿದ. ಅವನ ಅಂಗೈ ಸುಟ್ಟು ಬೆಳ್ಳಗಾಗಿತ್ತು.

ದಪ್ಪ ತಂತಿ, ಫ್ಯೂಸ್ ಹಾಕಿಸಿದ ಮೇಲೆ ಆ ಟ್ರಕ್ಕು ಬಹಳ ಕಾಲ ಓಡಿತು. ಆದರೆ ಅದಕ್ಕೂ ಮೊದಲು ಇಂಜಿನ್ನಿನ ಸದ್ದಿಗೆ ಕಣ್ಣು ತಾನಾಗಿ ಮುಚ್ಚುತ್ತಿದ್ದ ಆ ನಿದ್ದೆ ನನಗೆ ಮತ್ತೆ ಯಾವ ಗಾಡಿಯಲ್ಲೂ ಬರಲಿಲ್ಲ. ಈಗ ಕಾಕಾ ಇಲ್ಲ, ಆಯಿ ಇಲ್ಲ. ಆ ಬೆಂಕಿಯನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದವಳು ಶಾಂತಾ ಒಬ್ಬಳೇ, ಈಗ ಮಂಗಳವೇಢೆಯಲ್ಲಿದ್ದಾಳೆ. ನಾನು ಹೊರಗಿನಿಂದ ಕಂಡದ್ದನ್ನು ಅವಳು ಒಳಗಿನಿಂದ ಕಂಡವಳು. ಒಳಗೆ ಹೇಗಿತ್ತೆಂದು ನಾನು ಇನ್ನೂ ಅವಳನ್ನು ಕೇಳಿಲ್ಲ.