ಗಡ್ಡದವರ ಮೇಲೆ ದೊಡ್ಡವ್ವನ ತಕರಾರು

ಕಳೆದ ವಾರ ಹಾವೇರಿಯ ನನ್ನ ಬಾಡಿಗೆ ಕೋಣೆಯಲ್ಲಿ, ಊರಿನಿಂದ ಬಂದ ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿದೆ. ಘಾಟಿಗೆ ಮೊದಲು ಸೀನು ಬಂತು, ಆಮೇಲೆ ಕೆಮ್ಮು ಬಂತು, ಅದರ ಬೆನ್ನಿಗೇ ದೊಡ್ಡವ್ವ ನೆನಪಾಗಿ ಬಂದಳು. ಎಂದಿನಂತೆ ಯಾರನ್ನೋ ಬೈಯುತ್ತಲೇ ಬಂದಳು...

ಅವಳು ನನಗೆ ರಕ್ತಸಂಬಂಧಿಯಲ್ಲ. ಬ್ಯಾಡಗಿಯಲ್ಲಿ ನಮ್ಮ ಎದುರುಮನೆಯವಳು. ಸುಗ್ಗಿಯ ತಿಂಗಳುಗಳಲ್ಲಿ ವಖಾರಿಯ, ಅಂದರೆ ಗೋದಾಮಿನ, ನೆಲದ ಮೇಲೆ ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಗುಂಪಿಗೆ ಹಿರಿಯಳು. ಆ ಗುಂಪಿನಲ್ಲೊಂದು ಪದ್ಧತಿಯಿತ್ತು. ಭಾನುವಾರ ಟೀವಿಯಲ್ಲಿ ನೋಡಿದ ಸಿನಿಮಾದ ಕಥೆಯನ್ನು ಸೋಮವಾರ ದೊಡ್ಡವ್ವ ಹೇಳಬೇಕು. ಉಳಿದವರು ಕೈ ನಿಲ್ಲಿಸದೆ ಕೇಳಬೇಕು. ಅವಳಿಗೆ ಒಗ್ಗುತ್ತಿದ್ದುದು ಒಂದೇ ಬಗೆಯ ಕಥೆ: ಕನ್ನಡಕ್ಕೆ ಡಬ್ ಆಗಿ ಬರುವ ಮಾಯಾಲೋಕದ ಮಹಾಗಾಥೆಗಳು. ತಬ್ಬಲಿ ಹುಡುಗ, ಮಂತ್ರದ ಖಡ್ಗ, ಬೆಂಕಿಯುಗುಳುವ ಡ್ರ್ಯಾಗನ್, ಕತ್ತಲೆಯ ದೊರೆ, ಮತ್ತು ಎಲ್ಲ ತಿಳಿದೂ ಬಾಯಿ ಬಿಡದ ಬಿಳಿಗಡ್ಡದ ಗುರು.

ಈ ಪಾತ್ರಗಳನ್ನೆಲ್ಲ ಅವಳು ಮೆಣಸಿನಕಾಯಿಯಂತೆಯೇ ಆರಿಸಿ ಗುಡ್ಡೆ ಹಾಕಿದ್ದಳು. ಕತ್ತಲೆಯ ದೊರೆ ಗುಂಟೂರು ಕಾಯಿ, ಬರೀ ಖಾರ. ತಬ್ಬಲಿ ಹುಡುಗ ನಮ್ಮ ಕಡ್ಡಿ ಕಾಯಿ. ನೋಡಲು ಸೊರಗಿದ್ದರೂ ಸುಕ್ಕಿನೊಳಗೆ ಸತ್ವವುಂಟು. ಬಿಳಿಗಡ್ಡದವನ ಬಗ್ಗೆ ಮಾತ್ರ ಅವಳ ತೀರ್ಪು ಕಠೋರ: "ಬಣ್ಣ ಭಾಳ, ಖಾರ ಇಲ್ಲ."

ಒಂದು ಭಾನುವಾರ ನಡುಗಥೆಯಲ್ಲೇ ಕರೆಂಟು ಹೋಯಿತು. ಸೋಮವಾರ ದೊಡ್ಡವ್ವ ಎದೆಗುಂದದೆ ಇನ್ನೊಂದು ಗಾಥೆಯ ದ್ವಿತೀಯಾರ್ಧವನ್ನು ತಂದು ಇದಕ್ಕೆ ಜೋಡಿಸಿದಳು. ಕಿರಿಯಳೊಬ್ಬಳಿಗೆ ಅನುಮಾನ ಬಂತು.

"ದೊಡ್ಡವ್ವಾ, ಹುಡುಗ ಈಗಷ್ಟ ಕುದುರಿ ಮ್ಯಾಲೆ ಇದ್ನಲ್ಲ, ಹಡಗದಾಗ ಹೆಂಗ ಬಂದಾ?"

"ನಡುವ ಸಮುದ್ರ ಬಂತಲ್ಲಬೇ! ಕುದುರಿ ಈಸತೈತೇನ ಅಷ್ಟು ದೂರ? ನೀ ಕೈ ನಡಸು."

ತಿಂಗಳ ಬಳಿಕ ಅದೇ ಸಿನಿಮಾ ಮತ್ತೆ ಬಂದಾಗ ಹುಡುಗ ನಿಜವಾಗಿಯೂ ಹಡಗು ಹತ್ತಿದ. ಕತ್ತಲೆಯ ದೊರೆ, ದೊಡ್ಡವ್ವ ಹೇಳಿದಂತೆಯೇ, ಅವನ ಸ್ವಂತ ಕಾಕಾ ಆಗಿದ್ದ. ಅಂದಿನಿಂದ ಅವಳು ಪೂರ್ತಿ ಸಿನಿಮಾ ನೋಡುವ ಗೊಡವೆಗೇ ಹೋಗಲಿಲ್ಲ.

ನಾನಾಗ ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದೆ. ಪುರಾಣ ಮತ್ತು ಮೂಲಮಾದರಿಗಳ ಕುರಿತು ಒಂದಿಡೀ ಸೆಮಿಸ್ಟರ್ ಓದಿದ ಹುರುಪು. ಮೆಣಸಿನಕಾಯಿ ರಾಶಿಯ ಪಕ್ಕ ನಿಂತು ಉಪನ್ಯಾಸ ಕೊಟ್ಟೆ: ಇವು ಬೇರೆ ಬೇರೆ ಕಥೆಗಳಲ್ಲ, ಮನುಷ್ಯಕುಲ ಎಲ್ಲೆಡೆ ಕಂಡ ಒಂದೇ ಕನಸು; ಕಾಡಿನಲ್ಲಿ ಬೆಳೆದ ರಾಜಕುಮಾರ ನಮ್ಮ ಅಜ್ಜಿಯರ ಕಥೆಗಳಲ್ಲೂ ಇದ್ದಾನೆ; ಅಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿ, ಇಲ್ಲಿ ದೊರೆಯ ಪ್ರಾಣ ಒಂದು ಪೆಟ್ಟಿಗೆಯಲ್ಲಿ.

"ಅಂದ್ರ ಜೀವಾನ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಾನ," ಎಂದಳು ಒಬ್ಬಳು. ನನ್ನ ಸಿದ್ಧಾಂತ ಅಲ್ಲಿಗೆ ಅಂಗೀಕಾರವಾಯಿತು. ಆದರೆ ದೊಡ್ಡವ್ವ ಪಾಟೀಸವಾಲಿಗೆ ಎದ್ದಳು.

"ಅದಿರಲಿ ಶಾಣ್ಯಾಕಿ. ಆ ದೊರಿ ಹುಡುಗನ ಕಾಕಾ ಅಂತ ಗಡ್ಡದಾಂವಗ ಮೊದಲ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

"ಹೇಳಿದ್ರ ಹುಡುಗ ಹೆದರತಿದ್ದ, ದೊಡ್ಡವ್ವಾ. ಗುರು ಮುಚ್ಚಿಡಬೇಕು, ನಡುವ ಮರೆಯಾಗಬೇಕು, ಅಂದ್ರನ ಹುಡುಗ ಬೆಳೀತಾನ. ಕಥಿ ನಿಯಮಾನ ಹಂಗೈತಿ."

"ಯಾರು ಮಾಡಿದ್ರು ಆ ನಿಯಮಾ? ಗಡ್ಡದವರ ಮಾಡ್ಯಾರಿಲ್ಲೋ?" ಹೆಂಗಸರೆಲ್ಲ ನಕ್ಕರು. ಅವಳು ಬಿಡಲಿಲ್ಲ. "ಯುದ್ಧ ಬಂದಾಗ ಅರ್ಜೆಂಟ್ ಕೆಲಸ ಐತಿ ಅಂತ ಕುದುರಿ ಹತ್ತಿ ಹೋಗಿಬಿಡತಾನ. ಎಲ್ಲಿಗೆ ಅಂತ ಒಬ್ಬರರ ಕೇಳ್ಯಾರೇನ? ನಾ ಇದ್ದಿದ್ರ ಲಗಾಮು ಹಿಡಿದು ನಿಲ್ಲಸತಿದ್ದೆ. ಜವಾಬು ಕೊಟ್ಟು ಹೋಗೋ ಮುದುಕಾ, ಅಂತಿದ್ದೆ."

ಏನನ್ನಾದರೂ ಮುಚ್ಚಿಟ್ಟವರಿಗೆ ಗಡ್ಡ ಬರುತ್ತದೆ ಎಂಬುದು ಆ ವಖಾರಿಯ ಕಾನೂನಾಗಿತ್ತು. ಗಂಡನ ಜಗಳ ಅಡಗಿಸಿದವಳು, ಡಬ್ಬಿಯಲ್ಲಿ ತಂದ ಹೋಳಿಗೆ ಅಡಗಿಸಿದವಳು, ಯಾರೇ ಆಗಲಿ, ದೊಡ್ಡವ್ವ ಎಲ್ಲರೆದುರು ಅವಳ ಗಲ್ಲ ಹಿಡಿದು, "ತಡಿ, ಗಡ್ಡ ಬಂದೈತೇನ ನೋಡೂಣು," ಎನ್ನುತ್ತಿದ್ದಳು. ಖಾರದ ಕೈ ತಾಕಿದ ಗಲ್ಲ ಉರಿಯುತ್ತಿತ್ತು. ಸತ್ಯ ತಾನಾಗಿ ಹೊರಬೀಳುತ್ತಿತ್ತು. ಉತ್ತರದಾಯಿತ್ವ ಎಂಬ ಪದದ ಬಗ್ಗೆ ನಾನು ಈಗ ಪುಟಗಟ್ಟಲೆ ಬರೆಯುತ್ತೇನೆ. ಅದರ ಉರಿಯನ್ನು ಮೊದಲು ಅರಿತದ್ದು ನನ್ನ ಗಲ್ಲ.

ಬ್ಯಾಡಗಿಯಲ್ಲಿ ಸುಗ್ಗಿಯ ಕೆಮ್ಮು ರೋಗವಲ್ಲ, ವಿಳಾಸ. ಬಸ್ಸಿನಲ್ಲಿ ಕೆಮ್ಮಿದವರನ್ನು ಕಂಡಕ್ಟರ್, "ಬ್ಯಾಡಗಿ ಎಷ್ಟರೀ?" ಎಂದೇ ಕೇಳುತ್ತಿದ್ದ. ಮಳೆ ಬಿದ್ದು ವಖಾರಿಯ ಕೆಲಸ ಇಳಿದ ಮೇಲೆ ಎಲ್ಲರ ಕೆಮ್ಮೂ ನಿಲ್ಲಬೇಕು, ನಿಂತಿತು. ದೊಡ್ಡವ್ವನದು ನಿಲ್ಲಲಿಲ್ಲ. ಸೋಮವಾರದ ಕಥೆಗೆಂದು ಅವಳ ಮನೆಯ ಕಟ್ಟೆಯ ಮೇಲೆ ಸೇರಿದ ಹೆಂಗಸರು, "ದೊಡ್ಡವ್ವ ಓವರ್‌ಟೈಮ್ ಕೆಮ್ಮಾಕತ್ತಾಳ," ಎಂದು ನಕ್ಕರು. "ಏನಿಲ್ಲಬೇ, ಮೆಣಸಿನಕಾಯಿ," ಎಂದು ಅವಳೂ ನಕ್ಕಳು. ಅದೇ ದಿನಗಳಲ್ಲಿ ಅವಳು ಪ್ರತಿ ಗುರುವಾರ ಐರಣಿಯ ತಂಗಿಯ ಮನೆಗೆ ಹೊರಡತೊಡಗಿದಳು. ಕೇಳಿದರೆ, "ಅರ್ಜೆಂಟ್ ಕೆಲಸ ಐತಿ."

ನಮ್ಮಲ್ಲಿ ಯಾರೂ ಲಗಾಮು ಹಿಡಿಯಲಿಲ್ಲ.

ಅವಳು ಐರಣಿಯವರೆಗೆ ಹೋಗಿರಲೇ ಇಲ್ಲ. ದಾರಿಯ ರಾಣೆಬೆನ್ನೂರಿನಲ್ಲೇ ಇಳಿದು ಒಬ್ಬಳೇ ಆಸ್ಪತ್ರೆಗೆ ನಡೆದು, ಒಬ್ಬಳೇ ಮರಳುತ್ತಿದ್ದಳು. ಪುಪ್ಪುಸದ ಕಾಯಿಲೆ ಕೈಮೀರಿದೆ ಎಂಬುದು ಅವಳಿಗೆ ಮೊದಲ ಗುರುವಾರವೇ ಗೊತ್ತಾಗಿತ್ತಂತೆ. ತಂಗಿಗೂ ನಮಗೂ ತಿಳಿದದ್ದು ಅವಳು ಹಾಸಿಗೆ ಹಿಡಿದ ಮೇಲೆ. ಆ ಸಲದ ಗಾಥೆಯಲ್ಲಿ ಗುರು ಕಂದಕಕ್ಕೆ ಬಿದ್ದಿದ್ದ. ಉಳಿದದ್ದನ್ನು ಮುಂದಿನ ಸೋಮವಾರ ಹೇಳುತ್ತೇನೆ ಎಂದಿದ್ದಳು...

ಈ ಕಥೆಗಳಲ್ಲಿ ಕಂದಕಕ್ಕೆ ಬಿದ್ದ ಮುದುಕ ಹೊಸ ಬಿಳಿ ಬಟ್ಟೆಯಲ್ಲಿ ಮರಳಿ ಬರುತ್ತಾನೆ. ದೊಡ್ಡವ್ವನಿಗೂ ಹೊಸ ಬಿಳಿ ಬಟ್ಟೆ ಹೊದಿಸಿದರು. ಬ್ಯಾಡಗಿಯಲ್ಲಿ ಯಾರೂ ಮರಳಲಿಲ್ಲ.

ವಖಾರಿಯ ಮಾಲೀಕನ ಬಳಿ ಹೋಗಿ ಕೇಳಿದೆ. ದೂಳು ಹೊರಹಾಕುವ ಫ್ಯಾನು ಯಾಕಿಲ್ಲ? ಮೂಗಿಗೆ ಕಟ್ಟಿಕೊಳ್ಳಲು ಸೆರಗಲ್ಲದೆ ಬೇರೇನಿದೆ? ವರ್ಷಕ್ಕೊಮ್ಮೆಯಾದರೂ ವೈದ್ಯರನ್ನು ಯಾಕೆ ಕರೆಸುವುದಿಲ್ಲ? "ಬ್ಯಾಡಗ್ಯಾಗ ಕೆಮ್ಮದವರು ಯಾರದಾರ ತಂಗೀ? ನಾನೂ ಕೆಮ್ಮತೇನಿ," ಎಂದ ಆತ, ಸಾಕ್ಷಿಗೆಂದು ಎರಡು ಸಲ ಕೆಮ್ಮಿ ತೋರಿಸಿದ. ಅವಳನ್ನು ಕೊಂದದ್ದು ಆ ದೂಳೇ ಎಂದು ನಾನು ಪ್ರಮಾಣ ಮಾಡಲಾರೆ, ವೈದ್ಯರೂ ಮಾಡಲಿಲ್ಲ. ಆದರೆ ಒಂದೂರು ತನ್ನ ಕೆಮ್ಮನ್ನು ವಿಳಾಸವೆಂದು ಒಪ್ಪಿಕೊಂಡರೆ, ಅದರೊಳಗೆ ಯಾರು ಬೇಕಾದರೂ ಸದ್ದಿಲ್ಲದೆ ಸಾಯಬಹುದು. ಇದಕ್ಕೆ ಆತ ಜವಾಬು ಕೊಡಬೇಕು. ಇನ್ನೂ ಕೊಟ್ಟಿಲ್ಲ, ನಾನು ಕೇಳುವುದನ್ನು ಬಿಟ್ಟಿಲ್ಲ.

ದೊಡ್ಡವ್ವ, ನೀನೂ ಜವಾಬು ಕೊಡಬೇಕು. ಗುರು ಮುಚ್ಚಿಡಬೇಕೆಂದು ನಾನು ವಾದಿಸಿದ್ದು ಕಥೆಗಾಗಿ. ನಿನಗಾಗಿ ಅಲ್ಲ. ಆ ವ್ಯಾಜ್ಯದಲ್ಲಿ ಈಗ ನಾನು ನಿನ್ನ ಪಕ್ಷ. ನೀನೇ ಗಡ್ಡದವರ ಕಡೆಗೆ ಪಕ್ಷಾಂತರ ಮಾಡಿದೆ.

ಆ ದಿನ ಚೀಲದ ಬಾಯಿ ಮತ್ತೆ ಕಟ್ಟಿದೆ. ಕೆಮ್ಮು ಮಾತ್ರ ನಿಲ್ಲಲಿಲ್ಲ. ಚೀಲ ಬರುವ ಮೊದಲೇ, ತಿಂಗಳಿಂದಲೂ ಅದು ಹಾಗೇ ಬರುತ್ತಿತ್ತು. ಕೆಳಗಿನಿಂದ ಮನೆಯ ಮಾಲಕಿ ಕೂಗಿದರು: "ಯಾಕ್ರೀ, ಕೆಮ್ಮು ಭಾಳ ಆಗೇತಲ್ಲ?"

"ಏನಿಲ್ಲರೀ, ಮೆಣಸಿನಕಾಯಿ," ಎಂದೆ.

ಎಂದವಳೇ, ಖಾರದ ಕೈಯೆಂಬುದನ್ನೂ ಮರೆತು, ಗಲ್ಲ ಮುಟ್ಟಿ ನೋಡಿಕೊಂಡೆ.