ಶೇಂಗಾ ಗೋದಾಮಿನ ಕಾಲೇಜು

ನಾನು ಪಿಯುಸಿ ಮುಗಿಸಿದಾಗ ಹಗರಿಬೊಮ್ಮನಹಳ್ಳಿ ಎಂದರೆ ಬಸ್‌ಸ್ಟ್ಯಾಂಡಿನ ಸುತ್ತ ನಾಲ್ಕಾರು ಅಂಗಡಿ, ಶೇಂಗಾ ಮಿಲ್ಲು, ಆಚೆಗೆ ಕೋಗಳಿ ಕಡೆಗೆ ಬರೀ ಹೊಲ. ಆ ವರ್ಷ ಊರಿಗೆ ಡಿಗ್ರಿ ಕಾಲೇಜು ಬಂತು, ಕಟ್ಟಡ ಬರಲಿಲ್ಲ. ಮಿಲ್ಲಿನ ಸಾಹುಕಾರರು ಸುಗ್ಗಿಯ ತನಕ ಖಾಲಿ ಬಿದ್ದಿರುತ್ತಿದ್ದ ಗೋದಾಮನ್ನು ತರಗತಿಗೆ ಬಿಟ್ಟುಕೊಟ್ಟರು. ದಿನಾ ಹೊಸಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಕಳಿಸಲು ಅಪ್ಪ ಒಪ್ಪಿರಲಿಲ್ಲ. ಹಾಗಾಗಿ ಗೋದಾಮು ಹೋದರೆ ನನ್ನ ಓದೂ ಹೋದಂತೆಯೇ.

ಸುಗ್ಗಿ ಬಂತು. ಶೇಂಗಾ ಚೀಲ ಹೇರಿದ ಗಾಡಿಗಳು ಅಂಗಳದಲ್ಲಿ ನಿಂತವು. ಪ್ರತಿವರ್ಷ ಆ ಗೋದಾಮಿನೊಳಗೆ ಕೂತು ಬೀಜ ಆರಿಸುತ್ತಿದ್ದವರು ನಮ್ಮವ್ವ ಮತ್ತು ನಮ್ಮ ಓಣಿಯ ಹೆಂಗಸರು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಕೂಲಿಯಿಂದ. ಈಗ ಅವ್ವ ಒಳಗೆ ಬಂದರೆ ನಾನು ಹೊರಗೆ.

ಸಾಹುಕಾರರು ಬಾಗಿಲಲ್ಲಿ ನಿಂತು ನಮ್ಮ ಲೆಕ್ಚರರಿಗೆ ಹೇಳಿದರು: "ಏನ್ ಮಾಡ್ಲಿ ಸರ್, ಮಾಲು ಬಂದೈತಿ. ಚೀಲ ಹೆಂಗರ ನಮ್ಮ ಪಡಸಾಲ್ಯಾಗ ಒಟ್ಟಬಹುದು. ಈ ಹೆಣಮಕ್ಕಳನ್ನ ಎಲ್ಲಿ ಕುಂದ್ರಸ್ಲಿ?"

ನಾನು ಪುಸ್ತಕ ಜೋಡಿಸತೊಡಗಿದ್ದೆ. ಅವ್ವ ಮೊರ ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದಳು.

"ನಮ್ಮನ್ನ ಕೇಳದ ನಮಗ ಜಾಗ ಹುಡುಕ್ತೀರಲ್ರಿ ಸಾಹುಕಾರ್ರ? ಅಂಗಳದಾಗಿನ ಬೇವಿನ ಗಿಡದ ಬುಡಕ ಕುಂದರ್ತೀವಿ."

"ಮಧ್ಯಾಹ್ನಕ್ಕ ನೆರಳು ಸರಿತೈತಬೇ ಯಕ್ಕಾ."

"ಅದರ ಜೋಡಿ ನಾವೂ ಸರಿತೀವಿ."

ಪಕ್ಕದ ಮನೆಯ ಅತ್ತಿ ಸುಮ್ಮನಿರಲಿಲ್ಲ. "ನಿನ್ನ ಮಗಳು ಓದಾಕ ನಾವ್ಯಾಕ ಬಿಸಿಲಾಗ ಸುಡಬೇಕಲೇ?" ಎಂದಳು. ಹಾಗೆ ಅಂದವಳೇ ಎಲ್ಲರಿಗಿಂತ ಮೊದಲು ಹೋಗಿ ಗಿಡದ ಬುಡದಲ್ಲಿ ಗೋಣಿ ಹಾಸಿದಳು.

ಸುಗ್ಗಿ ಮುಗಿಯುವ ತನಕ ಹೀಗೇ ನಡೆಯಿತು. ಸಾಹುಕಾರರ ಪಡಸಾಲೆ ತುಂಬ ಚೀಲ, ಮನೆಗೆ ಬೀಗರು ಬಂದರೂ ಅದರ ಮೇಲೇ ಕೂರಬೇಕು. ಹೆಂಗಸರು ನೆರಳು ಹೋದ ಕಡೆಗೆಲ್ಲ ಗೋಣಿ ಎಳೆದುಕೊಂಡು ಹೋದರು. ಅವರ ನಗೆ, ಜಗಳ ಎಲ್ಲ ಕಿಟಕಿಯಿಂದ ಒಳಗೆ. ಒಮ್ಮೆ ಲೆಕ್ಚರರು ಗದ್ದಲ ಮಾಡಬೇಡಿ ಎಂದಾಗ ಅತ್ತಿ, "ನೀವ ಜೋರಾಗಿ ಹೇಳ್ರಿ ಸರ್, ನಮಗೂ ಕೇಳ್ಲಿ" ಎಂದಳು. ಅವತ್ತಿಂದ ಅವರು ಜೋರಾಗಿಯೇ ಪಾಠ ಮಾಡಿದರು.

ಮರುವರ್ಷ ಹೊಲಗಳ ನಡುವೆ ಕಾಲೇಜಿನ ಕಟ್ಟಡ ಎದ್ದಿತು. ಅದರ ಹಿಂದೆಯೇ ಖಾನಾವಳಿ, ಝೆರಾಕ್ಸ್ ಅಂಗಡಿ, ಬಾಡಿಗೆ ಕೋಣೆಗಳು. ಊರು ಆ ಕಡೆಗೇ ಬೆಳೆಯಿತು. ನಾನು ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ರಿಸಲ್ಟ್ ಬಂದ ದಿನ ಅವ್ವ ಬೀಜ ಆರಿಸಿದವರ ಮನೆಗೆಲ್ಲ ನನ್ನನ್ನು ಕರೆದೊಯ್ದು ಕಾಲಿಗೆ ಬೀಳಿಸಿದಳು. ಅತ್ತಿ ನನ್ನನ್ನು ಎಬ್ಬಿಸಿ ಬಾಯಿಗೆ ಸಕ್ಕರೆ ಹಾಕಿದಳು.

"ಬಚಾವಾದಿ ನೋಡು. ಫೇಲಾಗಿದ್ರ ನಿನ್ನೂ ಆ ಬಿಸಿಲಾಗ ಕುಂದ್ರಸ್ತಿದ್ದೆ" ಎಂದಳು.